ಬಲಗಡೆ ಸೀಟಿನ ಸದ್ದು

ಸಿಮೆಂಟು ಚೀಲಕ್ಕೆ ಸೀಟ್ ಬೆಲ್ಟು ಬಿಗಿಯುತ್ತಿರುವಾಗ ಅದೆಮಾರನಿಗೆ, ತಾನು ಮಾಡುತ್ತಿರುವುದು ಹೆಂಡತಿಯ ಕಣ್ಣಿಗೆ ಬೀಳಬಾರದು ಅನ್ನಿಸಿತು. ಚೀಲದ ಮೇಲೆ ಒಂದಿಷ್ಟು ಮರಳನ್ನು ಬೇರೆ ಗೋಣಿಯಲ್ಲಿ ತುಂಬಿ ಏರಿಸಿದ್ದ. ಎರಡೂ ಸೇರಿ ಇವೋನೆಯ ತೂಕಕ್ಕೆ ಸಮನಾಗಬೇಕು. ಇವೋನೆಯ ತೂಕ ಎಷ್ಟೆಂದು ಅವನಿಗೆ ಗೊತ್ತಿರಲಿಲ್ಲ, ಅದನ್ನು ಕೇಳಿದ್ದಕ್ಕೇ ತಾನೆ ಇಷ್ಟೆಲ್ಲ ರಾದ್ಧಾಂತವಾದದ್ದು. ಹಾಗಾಗಿ ಬರೀ ಕಣ್ಣಂದಾಜು. ಒಂದು ಸಲಿಕೆ ಮರಳು ಹಾಕಿ, ಛೇ ಹೆಚ್ಚಾಯಿತೇನೋ ಎಂದು ಅರ್ಧ ತೆಗೆದು, ಕ್ರಿಸ್ಮಸ್ಸಿಗೆ ಹೊಲಿಸಿದ ಹಸಿರು ಫ್ರಾಕು ಈಗ ಹಿಡಿಯುವುದಿಲ್ಲ ಎಂದು ಅವಳು ಗೊಣಗಿದ್ದು ನೆನಪಾಗಿ ಮತ್ತೆ ಸುರಿದಿದ್ದ. ಇವೋನೆ ಶನಿವಾರದ ಸಂತೆಗೆ ಹೋಗಿದ್ದಳು, ಬರುವ ಹೊತ್ತಾಗಿತ್ತು. ಆಚೆ ಮನೆಯ ಮುದುಕಿ ಗೋಡೆಯ ಮೇಲಿಂದ ಕತ್ತು ಹಾಕಿ, "ಯಾರಪ್ಪಾ ಅದು ಒಳಗೆ, ನೆಂಟರಾ?" ಎಂದು ಕೇಳಿದಳು. "ಸಿಮೆಂಟು ಕಣಜ್ಜಿ," ಅಂದ. "ಬೆಲ್ಟು ಹಾಕಿದ್ದೀಯಲ್ಲ, ಒಳ್ಳೇದಾಯ್ತು. ಪೊಲೀಸರು ಬಿಡಲ್ಲ," ಎಂದು ಮುದುಕಿ ಗಂಭೀರವಾಗಿ ಹೇಳಿ ಮರೆಯಾದಳು. ಅವಳು ಹಾಸ್ಯ ಮಾಡಿದಳೋ ಇಲ್ಲವೋ ಎಂಬುದೇ ಅವನಿಗೆ ತಿಳಿಯಲಿಲ್ಲ. ಈಚೆಗೆ ಯಾರು ಏನು ಹೇಳಿದರೂ ತನ್ನನ್ನೇ ಚುಚ್ಚಿ ಹೇಳಿದ ಹಾಗೆ ಕೇಳಿಸುತ್ತಿತ್ತು.

ಕಾರಿಗೆ ಬಾರೊನೆಸಾ, ಅಂದರೆ ದೊಡ್ಡಮನೆಯ ದೊರೆಸಾನಿ, ಎಂದು ಹೆಸರು. ಅವನೇ ಇಟ್ಟದ್ದು. ಬಿಯರ್ ಬಾಟಲಿಯ ಬಣ್ಣದ, ಎರಡೇ ಬಾಗಿಲಿನ, ಅವರಿಬ್ಬರ ಮದುವೆಗಿಂತ ಹಳೆಯದಾದ ಗಾಡಿ. ಕೊಂಡಾಗ ಅದೂ ಎಲ್ಲ ಕಾರುಗಳಂತೆ ನೆಲದಿಂದ ಮೊಳದೆತ್ತರ ನಿಂತಿತ್ತು. ಅದೆಮಾರ್ ಸ್ಪ್ರಿಂಗುಗಳನ್ನು ಸುತ್ತು ಸುತ್ತಾಗಿ ಕತ್ತರಿಸುತ್ತ, ಶಾಕ್ ಅಬ್ಸಾರ್ಬರುಗಳನ್ನು ಗಿಡ್ಡ ಮಾಡುತ್ತ ವರ್ಷಗಳುದ್ದಕ್ಕೂ ಇಳಿಸುತ್ತ ಬಂದು, ಈಗ ಅದರ ಹೊಟ್ಟೆಯಡಿ ಒಂದು ಚಪ್ಪಲಿ ತೂರಿದರೆ ಹೆಚ್ಚು. ಚಕ್ರಕ್ಕೂ ಅದರ ಮೇಲಿನ ಕಮಾನಿಗೂ ನಡುವೆ ಬೆರಳು ಹೋಗದು. ಭಾನುವಾರ ಬೆಳಿಗ್ಗೆ ಸೂಪರ್ ಮಾರ್ಕೆಟ್ಟಿನ ಬಯಲಲ್ಲಿ ತಗ್ಗು ಕಾರಿನವರೆಲ್ಲ ಸೇರುತ್ತಾರಲ್ಲ, ಅಲ್ಲಿ ಜನ ಮಂಡಿಯೂರಿ ಕೂತು ಆ ಸಂದಿಗೆ ಬೆರಳು ತೂರಿಸಲು ನೋಡಿ, ಆಗದೆ, ತಲೆದೂಗುವುದೇ ಅವನ ವಾರದ ಸುಖ. ಇಷ್ಟು ತಗ್ಗಿದ ಮೇಲೆ ರಸ್ತೆಯ ಹಂಪುಗಳು ಸುಮ್ಮನಿರುತ್ತವೆಯೇ? ಹಂಪು ಬಂದಾಗ ಪಕ್ಕದಲ್ಲಿ ಕೂತವರು ಇಳಿಯಬೇಕು. ಹಗುರಾದ ಕಾರು ಓರೆಯಾಗಿ, ಬಸುರಿಯ ಹಾಗೆ ಹುಷಾರಾಗಿ ದಾಟಬೇಕು. ಇಳಿದವರು ನಡೆದು ಆಚೆ ಹೋಗಿ ಹತ್ತಬೇಕು. ಸೊರೊಕಾಬ ಎಂಬ ಈ ಊರಿನ ತಗ್ಗು ಕಾರಿನವರ ಹೆಂಡತಿಯರು, ಮಕ್ಕಳು, ಅತ್ತೆಯಂದಿರು ಎಲ್ಲರೂ ಹೀಗೇ ಇಳಿದು ಹತ್ತಿ ಇಳಿದು ಹತ್ತಿ ಚರ್ಚಿಗೂ ಮದುವೆಗೂ ಹೋಗುವವರೇ, ಅದರಲ್ಲಿ ಯಾರಿಗೂ ವಿಚಿತ್ರ ಕಾಣುವುದಿಲ್ಲ. ಇವೋನೆಯೂ ಇಳಿಯುತ್ತಿದ್ದಳು. ಮೊದಮೊದಲು ನಗುತ್ತ, ಆಮೇಲೆ ಸುಮ್ಮನೆ, ಈಚೆಗೆ ಬ್ಯಾಗನ್ನೂ ಜೊತೆಗೇ ಎತ್ತಿಕೊಂಡು.

ಹೋದ ಮಳೆಗಾಲ ಮುಗಿದ ಮೇಲೆ ಆ ಸದ್ದು ಶುರುವಾಯಿತು. ಟಕ್. ದೊಡ್ಡದಲ್ಲ, ಯಾರೋ ನಾಲಗೆ ಲೊಚಗುಟ್ಟಿದಷ್ಟೇ. ಆದರೆ ಅದೆಮಾರನಂಥವನಿಗೆ ಅಷ್ಟು ಸಾಲದೆ? ಅವನ ಉದ್ಯೋಗವೇ ಕಿವಿಯದು. ಊರಿನ ನೀರು ಸರಬರಾಜಿನವರಲ್ಲಿ ಅವನು ಸೋರಿಕೆ ಹುಡುಕುವವನು. ಉದ್ದನೆಯ ಕಬ್ಬಿಣದ ಸಲಾಕೆಯ ಒಂದು ತುದಿ ರಸ್ತೆಗೆ ಊರಿ, ಇನ್ನೊಂದು ತುದಿ ಕಿವಿಗೆ ಒತ್ತಿ, ನೆಲದಡಿ ಪೈಪು ಎಲ್ಲಿ ಒಡೆದಿದೆ ಎಂದು ಹೇಳುತ್ತಿದ್ದ. ಅವನು ಬೆರಳೆತ್ತಿದರೆ ಅಗೆಯುವ ಆಳುಗಳೆಲ್ಲ ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದರು. ಇಂಥ ಕಿವಿಗೆ ತನ್ನದೇ ಕಾರಿನ ಒಂದು ಟಕ್ ಸಿಗುತ್ತಿಲ್ಲವೆಂದರೆ! ಬುಷ್‌ಗಳನ್ನು ಬದಲಾಯಿಸಿದ. ಬಾಗಿಲ ಕೀಲುಗಳಿಗೆ ಗ್ರೀಸು ಮೆತ್ತಿದ. ಸೀಟು ಬಿಚ್ಚಿ ಅದರ ಹಳಿ ತಿಕ್ಕಿದ. ಸೈಲೆನ್ಸರನ್ನು ತೂಗುಹಾಕಿದ ರಬ್ಬರುಗಳನ್ನು ಹೊಸದು ಮಾಡಿದ. ಒಬ್ಬನೇ ಓಡಿಸಿ ನೋಡಿದರೆ ಊರೆಲ್ಲ ಸುತ್ತಿದರೂ ಸದ್ದಿಲ್ಲ. ಗೆದ್ದೆ ಎಂದುಕೊಂಡು ಇವೋನೆಯನ್ನು ಹತ್ತಿಸಿಕೊಂಡರೆ ಮೊದಲ ತಿರುವಿನಲ್ಲೇ ಟಕ್. ಅವಳು ಕೂತಾಗ ಮಾತ್ರ, ಅಲ್ಲಿನ ಕಾರುಗಳಲ್ಲಿ ಸ್ಟೀರಿಂಗು ಎಡಕ್ಕಿರುವುದರಿಂದ ಅವಳು ಕೂರುವ ಬಲಗಡೆಯಿಂದ ಮಾತ್ರ. ಇದರಿಂದ ಯಾರೇ ಆದರೂ ಯಾವ ತೀರ್ಮಾನಕ್ಕೆ ಬರುತ್ತಾರೋ ಅವನೂ ಆ ತೀರ್ಮಾನಕ್ಕೇ ಬಂದ. ಆದರೆ ಬೇರೆಯವರಾಗಿದ್ದರೆ ಬಾಯಿ ಮುಚ್ಚಿಕೊಂಡಿರುತ್ತಿದ್ದರು.

ಕಳೆದ ಭಾನುವಾರ, ಮೇಲ್ಸೇತುವೆಯ ಕೆಳಗಿನ ತಿರುವಿನಲ್ಲಿ, ಇವೋನೆ ಏನೋ ಹೇಳುತ್ತಿದ್ದಾಗ, ಟಕ್ ಅಂದಿತು. ಅವನು ಕಿವಿಯನ್ನು ಅವಳ ಮೊಣಕಾಲಿನ ಕಡೆಗೆ ವಾಲಿಸಿ, "ಸ್ವಲ್ಪ ಎಡಕ್ಕೆ ಸರಿದು ಕೂತ್ಕೋ ನೋಡೋಣ," ಅಂದ. ಸರಿದಳು. ಮತ್ತೆ ಟಕ್. "ಈಗ ಎಷ್ಟಿದೀಯ ನೀನು?" ಅಂದ. "ಎಷ್ಟಿದೀನಿ ಅಂದ್ರೆ?" ಅಂದಳು. "ಅಲ್ಲ, ತೂಕ. ಲೆಕ್ಕಕ್ಕೆ ಬೇಕಾಗಿತ್ತು," ಅಂದ. ಲೆಕ್ಕಕ್ಕೆ! ಆ ಮಾತನ್ನು ಈಗ ನೆನೆದರೂ ಅವನ ಕಿವಿ ಬಿಸಿಯಾಗುತ್ತಿತ್ತು. ಅವಳು ಮುಂದಿನ ಹಂಪಿನಲ್ಲಿ ಎಂದಿನಂತೆ ಬ್ಯಾಗೆತ್ತಿಕೊಂಡು ಇಳಿದಳು, ಎಂದಿನಂತೆ ಆಚೆ ದಾಟಿದಳು, ಆಮೇಲೆ ಎಂದಿನಂತೆ ಹತ್ತಲಿಲ್ಲ. ನಡೆಯುತ್ತಲೇ ಹೋದಳು. ಅವನು ಕಿಟಕಿಯಿಂದ ತಲೆ ಹಾಕಿ, "ಇವೋನೆ, ಹತ್ತೇ, ಎಲ್ಲರೂ ನೋಡ್ತಿದಾರೆ," ಎಂದು ಬೇಡುತ್ತ, ಅವಳ ನಡಿಗೆಯ ವೇಗಕ್ಕೆ ಸರಿಯಾಗಿ ಬಾರೊನೆಸಾವನ್ನು ತೆವಳಿಸುತ್ತ ಹೋದ. ಮೂಲೆಯ ಬಾರಿನಲ್ಲಿ ಕೂತವರಲ್ಲಿ ಒಬ್ಬ ಗ್ಲಾಸು ಎತ್ತಿ, "ದೋನಾ ಅಮ್ಮಾ, ಹತ್ಬೇಡಿ! ನಡೆದ್ರೆ ಬೇಗ ಮುಟ್ತೀರಿ!" ಎಂದು ಕೂಗಿದ. ಅವಳು ಅವನಿಗೆ ಕೈಬೀಸಿ ಬಸ್ಸು ಹತ್ತಿಬಿಟ್ಟಳು. ಅಪರಿಚಿತ ಕುಡುಕನಿಗೆ ಕೈಬೀಸಿದಳು, ಗಂಡನ ಕಡೆ ತಿರುಗಲಿಲ್ಲ. ಈಗ ಫ್ರಿಜ್ಜಿನ ಬಾಗಿಲ ಮೇಲೆ ಅನಾನಸ್ ಆಕಾರದ ಅಯಸ್ಕಾಂತದಡಿ ನಾಳೆ ಬೆಳಗಿನ ಪೊರ್ತೊ ಫೆಲಿಸ್ ಬಸ್ಸಿನ ಟಿಕೆಟ್ಟು ಇತ್ತು. ಒಂದೇ ಟಿಕೆಟ್ಟು. ಅಲ್ಲಿ ಅವಳ ತಂಗಿಯ ಮಗುವಿಗೆ ಜ್ಞಾನಸ್ನಾನ, ಮಗುವಿನ ಪರವಾಗಿ ಬಲಿಪೀಠದ ಮುಂದೆ ಜೋಡಿಯಾಗಿ ನಿಲ್ಲಬೇಕಾದವರು ಇವರಿಬ್ಬರೇ. ಒಬ್ಬರು ಬಸ್ಸಿನಿಂದ, ಒಬ್ಬರು ಬಾರೊನೆಸಾದಿಂದ ಇಳಿದರೆ ನಾದಿನಿಯ ಕಡೆಯವರು ಮಗುವನ್ನು ಬಿಟ್ಟು ಇವರನ್ನೇ ನೋಡುತ್ತಾರೆ. ಅದಾದರೂ ತಡೆದುಕೊಳ್ಳಬಹುದು. ನಾಳೆ ಅವಳು ಬಸ್ಸಿನಲ್ಲಿ ಹೋದರೆ ಇನ್ನು ಮುಂದೆ ಈ ಸೀಟಿನಲ್ಲಿ ಕೂರುವುದೇ ಇಲ್ಲ ಎಂದು ಅವನಿಗೆ ಗೊತ್ತಿತ್ತು. ಸದ್ದು ಇವತ್ತೇ ಸಿಗಬೇಕು. ಸಿಕ್ಕರೆ, ನೋಡು, ನಿನ್ನ ತೂಕ ಅಲ್ಲವೇ ಅಲ್ಲ ಎಂದು ಹಾಳಾದ ಬುಷ್ಷನ್ನೋ ಬೋಲ್ಟನ್ನೋ ಅವಳ ಕೈಗಿಟ್ಟು ತೋರಿಸಬಹುದು. ಒಂದು ವೇಳೆ ತೂಕವೇ ಆಗಿದ್ದರೆ? ಆಗ ಸುಳ್ಳು ಹೇಳುವುದು, ಬೇರೇನು.

ಸಿಮೆಂಟನ್ನು ಕೂರಿಸಿಕೊಂಡು ಅವನು ಅದೇ ಮೇಲ್ಸೇತುವೆಯ ಕೆಳಗೆ, ಅದೇ ತಿರುವಿನಲ್ಲಿ ಹೋದ. ಸದ್ದಿಲ್ಲ. ಬೇಕೆಂದೇ ಗುಂಡಿಗೆ ಇಳಿಸಿದ. ಸದ್ದಿಲ್ಲ. ಒಂದು ಸಲ ಬ್ರೇಕು ಹಾಕಿದಾಗ ಮರಳಿನ ಗೋಣಿ ಮುಂದಕ್ಕೆ ವಾಲಿ ಡ್ಯಾಶ್‌ಬೋರ್ಡಿಗೆ ತಲೆಯಿಟ್ಟಿತು; ಅವನು ತನಗರಿವಿಲ್ಲದೆ ಕೈ ಚಾಚಿ ಅದನ್ನು ಹಿಂದಕ್ಕೊರಗಿಸಿ, "ನೋವಾಯ್ತಾ?" ಅಂದುಬಿಟ್ಟ. ಇವೋನೆಗೆ ಎಂದಾದರೂ ಹಾಗೆ ಕೇಳಿದ್ದೆನೇ ಎಂಬ ಪ್ರಶ್ನೆ ಬಂದದ್ದೇ ಅದನ್ನು ಪಕ್ಕಕ್ಕೆ ತಳ್ಳಿ ತಾರ್ಸಿಸಿಯೊನ ಅಂಗಡಿಗೆ ಕಾರು ತಿರುಗಿಸಿದ. ತಾರ್ಸಿಸಿಯೊ ಅವನ ಬಾಲ್ಯದ ಗೆಳೆಯ, ಕರಿದ ಪಸ್ತೆಲ್ ಮಾರುವವನು, ಗಾತ್ರದಲ್ಲಿ ಇವೋನೆಗೆ ಸರಿಸಾಟಿ ಎಂದರೆ ಇವೋನೆಗೆ ಅವಮಾನ, ಸ್ವಲ್ಪ ಹೆಚ್ಚೇ ಎನ್ನೋಣ. ಚೀಲ ಇಳಿಸಿ ಅವನನ್ನು ಕೂರಿಸಿದ್ದಾಯಿತು. ತಾರ್ಸಿಸಿಯೊ ಒಂದು ಕೈಯಲ್ಲಿ ಪಸ್ತೆಲ್, ಇನ್ನೊಂದರಲ್ಲಿ ಕಬ್ಬಿನ ಹಾಲು ಹಿಡಿದು, ಕಾಲು ಚಾಚಿ, ಕಣ್ಣು ಮುಚ್ಚಿ ಕೂತ. ಮೂರು ಸುತ್ತು ಹೊಡೆದರೂ ಟಕ್ ಬರಲಿಲ್ಲ. ಬಂದದ್ದು ಗೊರಕೆ.

"ಏಳೋ! ನಿದ್ದೆ ಮಾಡೋಕೆ ಕರ್ಕೊಂಡು ಬಂದ್ನಾ?" ಎಂದು ಅದೆಮಾರ್ ಅವನ ತೊಡೆಗೆ ಹೊಡೆದ.

"ಸದ್ದು ಬಂತಾ?"

"ಇಲ್ಲ."

"ಮತ್ತೆ ಯಾಕೆ ಎಬ್ಬಿಸ್ದೆ ಮಾರಾಯ? ನಾನು ಎದ್ದಿದ್ರೆ ಬರತ್ತಾ?" ತಾರ್ಸಿಸಿಯೊ ಅಂಗಿಯ ಮೇಲಿನ ಚೂರುಗಳನ್ನು ಕೊಡವಿದ. ಅವು ಕಾರ್ಪೆಟ್ಟಿನ ಮೇಲೆ ಬಿದ್ದದ್ದನ್ನು ನೋಡಿ ಅದೆಮಾರನ ಕರುಳು ಚುರುಕ್ಕೆಂದಿತು. "ಸೀಟು ಮಾತ್ರ ಚೆನ್ನಾಗಿದೆ ಕಣೋ. ನೀನು ಕೂತಿದೀಯಾ ಇದ್ರಲ್ಲಿ?"

"ನಾನ್ಯಾಕೆ ಅಲ್ಲಿ ಕೂರ್ಲಿ? ಓಡಿಸೋನು ನಾನು."

"ಒಂದಿನಾನೂ ಕೂತಿಲ್ವಾ?"

"ಇಲ್ಲ."

"ಮತ್ತೆ ಕೂತು ಕೇಳು. ನಿನ್ನ ಕಿವಿ ತಾನೆ ಊರಿಗೇ ದೊಡ್ಡದು. ನಾನು ಓಡಿಸ್ತೀನಿ, ಕೊಡು ಕೀ."

"ಸತ್ರೂ ನಿಂಗೆ ಕೊಡಲ್ಲ. ಎಣ್ಣೆ ಕೈ."

"ಹಾಗಾದ್ರೆ ದೋನಾ ಇವೋನೆಗೆ ಕೊಡು. ದಿನಾ ವ್ಯಾನ್ ತುಂಬ ಮಕ್ಕಳನ್ನ ಸ್ಕೂಲಿಗೆ ಬಿಡ್ತಾಳೆ, ಒಂದು ಮಗೂಗೂ ಇವತ್ತಿನವರೆಗೆ ಮೂಗು ತಾಗಿಲ್ಲ. ನಿನ್ನ ಗುಜರಿ ಓಡಿಸೋಕೆ ಬರಲ್ವಾ ಅವಳಿಗೆ?"

ಗುಜರಿ ಎಂದದ್ದಕ್ಕೆ ಅದೆಮಾರ್ ಜಗಳ ತೆಗೆಯಲಿಲ್ಲ, ಅಷ್ಟರಮಟ್ಟಿಗೆ ಅವನಿಗೆ ದಿಗಿಲಾಗಿತ್ತು. ಇವೋನೆ ಸ್ಕೂಲ್ ವ್ಯಾನು ಓಡಿಸುತ್ತಾಳೆ ಎಂಬುದು ಅವನಿಗೆ ಗೊತ್ತಿಲ್ಲದ ಸಂಗತಿಯೇನಲ್ಲ. ಬೆಳಿಗ್ಗೆ ಅವಳು ಎದ್ದು ಹೋಗುವುದು, ಮಕ್ಕಳು ಕಿಟಕಿಯಿಂದ ಚಿಕ್ಕಮ್ಮನನ್ನು ಕರೆದ ಹಾಗೆ 'ತಿಯಾ, ತಿಯಾ' ಎಂದು ಕಿರುಚುವುದು, ಸಂಜೆ ಅವಳು ಕಾಲು ನೀಡಿ ಕೂರುವುದು, ಎಲ್ಲ ಅವನು ನೋಡಿದ್ದೇ. ಆದರೆ ಅದು ವ್ಯಾನು. ಬಾರೊನೆಸಾವನ್ನು ಅವಳೂ ಓಡಿಸಬಹುದು ಎಂಬ ಯೋಚನೆ ಇಷ್ಟು ವರ್ಷಗಳಲ್ಲಿ ಒಮ್ಮೆಯೂ ತನ್ನ ತಲೆಯ ಹತ್ತಿರ ಸುಳಿದಿರಲಿಲ್ಲವಲ್ಲ ಎಂದು ಅವನಿಗೆ ಆಶ್ಚರ್ಯವಾಯಿತು. ಮದುವೆಯಾದ ಹೊಸತರಲ್ಲಿ ಒಂದು ಸಲ, ಕಡಲ ತೀರದಿಂದ ವಾಪಸು ಬರುವಾಗ, ಘಟ್ಟದ ಮಂಜಿನಲ್ಲಿ, ನೀನು ದಣಿದಿದ್ದೀಯ, ನಾನು ಸ್ವಲ್ಪ ಹೊತ್ತು ಹಿಡಿಯಲೇ ಎಂದು ಅವಳು ಕೇಳಿದ್ದಳು. ಇದರ ಕ್ಲಚ್ಚು ನಿಂಗೆ ಅರ್ಥವಾಗಲ್ಲ ಎಂದಿದ್ದ. ಆಗ ಅವಳ ಮುಖ ಹೇಗಿತ್ತು? ನೆನಪಾಗಲಿಲ್ಲ, ಮಂಜು ಮಾತ್ರ ನೆನಪಾಯಿತು. ಆ ದಿನ ಕಾರ್ಬ್ಯುರೇಟರು ತೊದಲುತ್ತಿದ್ದದ್ದೂ ಚೆನ್ನಾಗಿ ನೆನಪಿತ್ತು.

ಮನೆಗೆ ಬಂದಾಗ ಅವಳು ಸಂತೆಯಿಂದ ಬಂದು, ಒಲೆಯ ಮೇಲೆ ಕಪ್ಪು ಕಾಳು ಬೇಯಲಿಟ್ಟು, ಬೀದಿಯಲ್ಲಿ ನಿಲ್ಲಿಸಿದ ವ್ಯಾನಿನೊಳಗೆ ಬಗ್ಗಿ ಸೀಟಿಗಂಟಿದ ಚೂಯಿಂಗ್ ಗಮ್ಮನ್ನು ಚಾಕುವಿನಿಂದ ಕೀಳುತ್ತಿದ್ದಳು. ಅದೆಮಾರ್ ಕೀಲಿಕೈಯನ್ನು ಈ ಕೈಯಿಂದ ಆ ಕೈಗೆ ಬದಲಾಯಿಸುತ್ತ ನಿಂತ. ವಾರದಿಂದ ಅವರಿಬ್ಬರ ನಡುವೆ ಉಪ್ಪು ಕೊಡು, ಬಾಗಿಲು ಹಾಕು ಎಂಬಷ್ಟೇ ಮಾತು ನಡೆದಿತ್ತು.

"ಒಂದು ಸಹಾಯ ಆಗ್ಬೇಕಿತ್ತು," ಅಂದ.

"ತೂಕದ ಯಂತ್ರ ತಂದಿದೀಯಾ?" ಅವಳು ತಿರುಗಲಿಲ್ಲ.

"ಹಾಗಲ್ಲ. ಬಾರೊನೆಸಾನ ಒಂದು ಸುತ್ತು ನೀನು ಓಡಿಸ್ಬೇಕು. ನಾನು ಆ ಕಡೆ ಕೂತು ಕೇಳ್ತೀನಿ."

ಚಾಕು ನಿಂತಿತು. ಅವಳು ಎದ್ದು ಸೊಂಟ ನೆಟ್ಟಗೆ ಮಾಡಿಕೊಂಡು ಅವನನ್ನು, ಅವನ ಕೈಯಲ್ಲಿದ್ದ ಕೀಲಿಯನ್ನು ನೋಡಿದಳು. "ನಾನಾ? ಬಾರೊನೆಸಾನಾ? ಕ್ಲಚ್ಚು ಅರ್ಥವಾಗಲ್ವಲ್ಲ ನಂಗೆ."

ಅವಳಿಗೂ ನೆನಪಿದೆ! ಅವನು ನೆಲ ನೋಡಿದ. "ಈಗ ಹೊಸ ಕ್ಲಚ್ಚು," ಎಂದು ಪೆದ್ದುಪೆದ್ದಾಗಿ ಹೇಳಿದ. ಅವಳ ತುಟಿಯ ಕೊನೆ ಅಲುಗಿತು. ಅದು ನಗುವೋ ಅಲ್ಲವೋ ಎಂದು ನಿರ್ಧರಿಸುವಷ್ಟರಲ್ಲಿ ಅವಳು ಕೈ ಒರೆಸಿಕೊಂಡು ಕೀಲಿ ತೆಗೆದುಕೊಂಡಾಗಿತ್ತು.

ಮೊದಲು ಅವಳು ಸೀಟನ್ನು ಮುಂದಕ್ಕೆಳೆದಳು. ಆಮೇಲೆ ಕನ್ನಡಿ ತಿರುಗಿಸಿದಳು. ಅದೆಮಾರ್ ವರ್ಷಗಟ್ಟಲೆ ಕೂದಲೆಳೆಯಷ್ಟೂ ಅಲುಗಿಸದ ಕನ್ನಡಿ ಅದು. ಬಲಗಡೆ ಸೀಟಿನಲ್ಲಿ ಜಗತ್ತೇ ಬೇರೆಯಾಗಿತ್ತು. ಇಷ್ಟು ತಗ್ಗಿನಲ್ಲಿ ಕೂತರೆ ಫುಟ್‌ಪಾತಿನ ಕಲ್ಲುಗಳು ಕಿವಿಯ ಪಕ್ಕದಲ್ಲೇ ಓಡುತ್ತಿದ್ದವು, ಲಾರಿಗಳ ಚಕ್ರಗಳು ತಲೆಯ ಮಟ್ಟಕ್ಕೆ ಬರುತ್ತಿದ್ದವು, ಕನ್ನಡಿಯಲ್ಲಿ ಹಿಂದೆ ಬರುವವರು ಯಾರೂ ಕಾಣಿಸುತ್ತಿರಲಿಲ್ಲ. ಹಿಡಿದುಕೊಳ್ಳಲು ಏನೂ ಇರಲಿಲ್ಲ. ಎಲ್ಲ ಗಾಡಿಗಳೂ ಈ ಬದಿಗೇ ನುಗ್ಗಿ ಬರುವಂತೆ ತೋರುತ್ತಿತ್ತು, ಮತ್ತು ಅದನ್ನು ನಿಲ್ಲಿಸಲು ಈ ಬದಿಯವರ ಕೈಯಲ್ಲಿ ಒಂದೂ ಉಪಾಯವಿರಲಿಲ್ಲ. ಇವೋನೆ ಚೆನ್ನಾಗಿಯೇ ಓಡಿಸುತ್ತಿದ್ದಳು. ಚೆನ್ನಾಗಿ ಎಂದರೆ ತನಗಿಂತ ಚೆನ್ನಾಗಿ ಎಂದು ಅವನ ಮನಸ್ಸು ಹೇಳಿತು, ಅವನು ಕೇಳಿಸದವನಂತೆ ಮಾಡಿದ. ಮುಂದೆ ಚರ್ಚಿನ ಎದುರಿನ ಹಂಪು ಕಂಡಿತು.

"ಇಳೀಲಾ?" ಅಂದ.

"ಕೂತ್ಕೋ."

"ಹೊಟ್ಟೆ ತಾಗತ್ತೆ ಕಣೇ. ಇಬ್ಬರ ತೂಕಕ್ಕೆ..." ಎಂದು ನಾಲಗೆ ಕಚ್ಚಿಕೊಂಡ.

"ಕೂತ್ಕೋ ಅಂದೆ."

ಅವಳು ಗಾಡಿಯನ್ನು ಎಷ್ಟು ಓರೆ ಮಾಡಿದಳೆಂದರೆ ಅದು ರಸ್ತೆಗೆ ಅಡ್ಡ ನಿಂತುಬಿಟ್ಟಿತೇನೋ ಅನ್ನಿಸಿತು. ಒಂದು ಚಕ್ರ ಹತ್ತಿತು, ಅದೆಮಾರನ ಬಲಗಾಲು ತಾನೇ ತಾನಾಗಿ, ಇಲ್ಲದ ಬ್ರೇಕನ್ನು ಹುಡುಕಿಕೊಂಡು ನೆಲವನ್ನು ಗಟ್ಟಿಯಾಗಿ ತುಳಿಯಿತು.

ಟಕ್.

ಬಾರೊನೆಸಾ ಹೊಟ್ಟೆ ತಾಗಿಸದೆ ಆಚೆ ಇಳಿಯಿತು. ಅವನಿಗೆ ಅದರ ಪರಿವೆ ಇರಲಿಲ್ಲ. ಕಾಲೆತ್ತಿ ಮತ್ತೆ ಒತ್ತಿದ. ಟಕ್. ಬಗ್ಗಿ ಕಾರ್ಪೆಟ್ಟು ಸರಿಸಿದ. ಹೋದ ವರ್ಷ ಗಾಡಿಯನ್ನು ಕೊನೆಯ ಸಲ ತಗ್ಗಿಸಿದಾಗ ಸೈಲೆನ್ಸರ್ ಪೈಪು ರಸ್ತೆಗೆ ಉಜ್ಜುತ್ತದೆಂದು ಅದನ್ನು ಮೇಲಕ್ಕೇರಿಸಲು ಅವನೇ ಇಲ್ಲಿ ನೆಲ ಕೊಯ್ದು ತಗಡಿನ ತೇಪೆ ಹಾಕಿದ್ದ, ಅವಸರದಲ್ಲಿ ಅಲ್ಲಲ್ಲಿ ಮಾತ್ರ ವೆಲ್ಡ್ ಮಾಡಿದ್ದ. ತೇಪೆಯ ಒಂದು ಮೂಲೆ ಬಿಟ್ಟುಕೊಂಡಿತ್ತು. ಅದರ ನಡುವೆ ಹಿಮ್ಮಡಿಯ ಅಗಲಕ್ಕೆ ತಗಡು ತಗ್ಗಾಗಿತ್ತು. ಹೆಂಗಸರ ಚಪ್ಪಲಿಯ ಹಿಮ್ಮಡಿ. ಸಿಮೆಂಟಿಗೆ ಕಾಲಿರಲಿಲ್ಲ, ತಾರ್ಸಿಸಿಯೊ ಕಾಲು ಚಾಚಿ ಮಲಗಿದ್ದ.

ಇವೋನೆ ಗಾಡಿಯನ್ನು ಬದಿಗೆ ನಿಲ್ಲಿಸಿ ಬಗ್ಗಿ ನೋಡಿದಳು. ಅವನ ಕಾಲನ್ನು, ಆ ತಗ್ಗನ್ನು, ಮತ್ತೆ ಅವನ ಬೆವರಿದ ಮುಖವನ್ನು ನೋಡಿ ಒಮ್ಮೆಲೇ ನಗತೊಡಗಿದಳು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. "ಅಯ್ಯೋ ನನ್ನ ದೇವರೇ, ನಾನೂ ಹಿಂಗೇ ಒತ್ತೋದು! ಇದಾ ಸದ್ದು? ಇದಕ್ಕಾ ನನ್ನ ತೂಕ ಕೇಳಿದ್ದು?" ಅವನೂ ನಕ್ಕ, ನಗದೆ ಗತಿಯಿರಲಿಲ್ಲ. ನಗುತ್ತಿರುವಾಗಲೇ ಆ ತಗ್ಗು ಕಣ್ಣಿಗೆ ಬಿದ್ದು ನಗು ಅಲ್ಲೇ ನಿಂತಿತು. ಇಷ್ಟು ತಗ್ಗಾಗಬೇಕಾದರೆ ಎಷ್ಟು ಸಲ ತುಳಿದಿರಬೇಕು ಇವಳು?

"ನಿಂಗೆ ಹೆದರಿಕೆ ಆಗ್ತಿತ್ತಾ?" ಅಂದ.

"ಯಾವಾಗ್ಲೂ." ಬಟಾಣಿ ಬೆಲೆ ಹೇಳಿದಷ್ಟು ಸಲೀಸಾಗಿ ಹೇಳಿ ಅವಳು ಕಣ್ಣೊರೆಸಿಕೊಂಡಳು. "ನೀನು ರಸ್ತೆ ಎಲ್ಲಿ ನೋಡ್ತೀಯ? ಸದ್ದು ಕೇಳ್ತಾ ಓಡಿಸ್ತೀಯ. ಈ ಸದ್ದು ಬಂದ ಮೇಲಂತೂ ಮುಗೀತು, ತಲೆ ನನ್ನ ಮೊಣಕಾಲ ಹತ್ರ, ಎದುರಿಗೆ ಲಾರಿ."

"ಹೇಳ್ಬಾರ್ದಿತ್ತಾ ಮತ್ತೆ?"

"ಹೇಳಿದೀನಿ. ಘಟ್ಟದಲ್ಲಿ ಹೇಳ್ದೆ, ಮೊನ್ನೆ ಸೇತುವೆ ಕೆಳಗೂ ಹೇಳ್ತಿದ್ದೆ. ನೀನು ಬೆರಳೆತ್ತಿ 'ಶ್, ಸುಮ್ನಿರು, ಕೇಳಿಸ್ಕೋತಿದೀನಿ' ಅಂದೆ."

ಅದೆಮಾರನಿಗೆ ನಾಚಿಕೆಯಾಯಿತು. ಬಾರಿನವರ ಮುಂದೆ ಆದಂಥದ್ದಲ್ಲ, ಯಾರೂ ನೋಡದಿದ್ದರೂ ಮೈಯೆಲ್ಲ ಸುಡುವಂಥದ್ದು. ರಸ್ತೆಯಡಿಯ ಹನಿ ನೀರು ಕೇಳಿಸಿಕೊಳ್ಳುವವನು! ಅವನು ಕಾರಿಗೇನಾಯಿತೋ ಎಂದು ಹೆದರಿ ಕೇಳಿಸಿಕೊಂಡಷ್ಟೂ ಅವಳು ಹೆದರಿ ತುಳಿದಿದ್ದಳು, ಅವಳು ತುಳಿದಷ್ಟೂ ಅವನು ರಸ್ತೆ ಬಿಟ್ಟು ಕೇಳಿಸಿಕೊಂಡಿದ್ದ. ಏನಾದರೂ ಹೇಳಬೇಕೆನಿಸಿ ತನಗೆ ಗೊತ್ತಿದ್ದದ್ದನ್ನೇ ಹೇಳಿದ: "ಸಂಜೆ ಒಳಗೆ ವೆಲ್ಡ್ ಮಾಡಿಬಿಡ್ತೀನಿ. ಇನ್ನು ಸದ್ದೇ ಬರಲ್ಲ, ನೋಡ್ತಿರು."

"ಸದ್ದು ಹೋಗತ್ತೆ," ಅಂದಳು ಇವೋನೆ, ಗಾಡಿಯನ್ನು ಮತ್ತೆ ರಸ್ತೆಗೆ ತೆಗೆಯುತ್ತ. "ಹೆದರಿಕೆಗೆ ಯಾವ ವೆಲ್ಡಿಂಗು ಇದೆ ನಿನ್ ಹತ್ರ?"

ಅವಳು ಮನೆಯ ತಿರುವು ದಾಟಿ ನೇರ ಹೆದ್ದಾರಿಯ ಕಡೆ ಹೊರಟಳು. "ನಾಳೆ ಪೊರ್ತೊ ಫೆಲಿಸ್‌ಗೆ ನಾನೇ ಓಡಿಸ್ತೀನಿ. ನೀನು ಇಲ್ಲೇ ಕೂತ್ಕೋ," ಅಂದಳು. "ತಗಡು ಹಂಗೇ ಇರ್ಲಿ. ನೀನೆಷ್ಟು ಹೆದರ್ತೀಯ ಅಂತ ನಂಗೂ ಒಂದಿನ ಕೇಳಿಸ್ಲಿ."

ಅಂತೂ ನಾಳೆ ಒಂದೇ ಕಾರಿನಿಂದ ಇಳಿಯುತ್ತೇವೆ ಎಂದು ಅವನಿಗೆ ಸಂತೋಷವಾಯಿತು. ಸಂತೋಷ ಪೂರ್ತಿಯಾಗುವ ಮೊದಲೇ ಅವಳು ವೇಗ ಹೆಚ್ಚಿಸಿದ್ದಳು, ಬಲಕ್ಕೆ ಸೋಯಾ ತುಂಬಿದ ಲಾರಿಯೊಂದು ಗೋಡೆಯಂತೆ ಬಂದು ಜೊತೆಯಲ್ಲೇ ಓಡತೊಡಗಿತು, ಅದರ ಚಕ್ರಗಳ ಗಾಳಿ ಕಿಟಕಿಗೆ ಬಡಿಯುತ್ತಿತ್ತು. ತಗಡು ಟಕ್ ಅನ್ನಬಾರದೆಂದು ಅವನು ಎರಡೂ ಕೈಗಳಿಂದ ಮೊಣಕಾಲು ಹಿಡಿದು ಕಾಲನ್ನು ನೆಲದಿಂದ ಎತ್ತಿ ಕೂತ. ತಾನು ಗಂಡಸು, ಈ ಕಾರನ್ನು ಮೊಳೆ ಮೊಳೆ ಬಲ್ಲವನು, ಪಕ್ಕದಲ್ಲಿರುವವಳು ಊರಿನ ಮಕ್ಕಳನ್ನೆಲ್ಲ ಸಾಗಿಸುವವಳು. ಹೆದರುವಂಥದ್ದೇನಿದೆ? ಆದರೂ ಬಾಯಿಗೆ ಬಂದದ್ದು ಅವನು ಹೆಂಡತಿಗೆ ಹಿಂದೆಂದೂ ಹೇಳಿರದ ಮಾತು.

"ಇವೋನೆ," ಅಂದ. "ನಂಗೆ ಹೆದರಿಕೆ ಆಗ್ತಿದೆ."

ಅವಳು ತಕ್ಷಣ ವೇಗ ಇಳಿಸಿ ಲಾರಿಯನ್ನು ಮುಂದೆ ಹೋಗಲು ಬಿಟ್ಟಳು.